ಝೋನ್ ಬಂತು ಅಂದಾಕ್ಷಣ ಆಂಟಿಬಯೋಟಿಕ್ ಸಿಕ್ಕಿತು ಅಂತಲ್ಲ

ನಮ್ಮ ಕರಾವಳಿಯಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು, ಹೊಸ ಆಂಟಿಬಯೋಟಿಕ್ ಮಾಡುವ ಬ್ಯಾಕ್ಟೀರಿಯಾಕ್ಕಾಗಿ ಸಮುದ್ರದ ಸ್ಪಂಜು ಹುಡುಕಿ ಹೊರಡುವ ಮಕ್ಕಳಿಗೆ, ಅವರ ಗೈಡ್‌ಗಳಿಗೆ ಒಂದು ಮಾತು. ಪ್ಲೇಟಿನಲ್ಲಿ ಸ್ಟ್ಯಾಫಿಲೋಕಾಕಸ್ (ರೋಗ ತರಬಲ್ಲ ಒಂದು ಬ್ಯಾಕ್ಟೀರಿಯಾ) ಬೆಳೆಯದೆ ದುಂಡಗೆ ಖಾಲಿ ಉಳಿದ ಜಾಗ, ಅಂದರೆ ಝೋನ್, ಕಂಡ ಕೂಡಲೇ ವರದಿ ಬರೆಯಲು ಕೂರಬೇಡಿ. ಆ ಝೋನ್‌ಗೆ ಆಂಟಿಬಯೋಟಿಕ್ ಅಲ್ಲದ ಕಾರಣಗಳೇ ಹತ್ತಾರಿವೆ.

ಸ್ಪಂಜಿನ ಮೇಲೆ ಆಸೆ ಇಡುವುದು ತಪ್ಪಲ್ಲ. ಕಲ್ಲಿಗಂಟಿ ಕೂತು ದಿನವಿಡೀ ನೀರು ಸೋಸುವ ಪ್ರಾಣಿ ಅದು. ಕೆಲವು ಜಾತಿಗಳ ಮೈತೂಕದಲ್ಲಿ ಮೂರನೇ ಒಂದು ಪಾಲು ಬ್ಯಾಕ್ಟೀರಿಯಾಗಳದ್ದೇ. ಥಿಯೊನೆಲ್ಲಾ ಎಂಬ ಸ್ಪಂಜಿನ ಹೆಚ್ಚಿನ ರಾಸಾಯನಿಕಗಳನ್ನು ಮಾಡುತ್ತಿದ್ದುದು ಅದರೊಳಗಿನ ಎಂಟೊಥಿಯೊನೆಲ್ಲಾ ಬ್ಯಾಕ್ಟೀರಿಯಾ ಎಂದು 2014ರಲ್ಲಿ ತಿಳಿಯಿತು. ಸ್ಪಂಜು ಕೊಟ್ಟ ಸುಳಿವಿನಿಂದ ಸೈಟರಾಬಿನ್ ಎಂಬ ಕ್ಯಾನ್ಸರ್ ಔಷಧಿಯೂ ಬಂದಿದೆ. ಸ್ಪಂಜಿನ ಬ್ಯಾಕ್ಟೀರಿಯಾದಿಂದ ಆಂಟಿಬಯೋಟಿಕ್ ಮಾತ್ರ ಇನ್ನೂ ಮೆಡಿಕಲ್ ಅಂಗಡಿ ತಲುಪಿಲ್ಲ.

ಮಲ್ಪೆ ದಕ್ಕೆಯಲ್ಲಿ ಟ್ರಾಲ್ ಬಲೆಯ ಕಸದೊಡನೆ ಬಂದ ಸ್ಪಂಜು ಈ ಕೆಲಸಕ್ಕಾಗದು. ಕೆಸರು, ಮೀನಿನ ಲೋಳೆ ಎಲ್ಲ ಹತ್ತಿ, ಗಂಟೆಗಟ್ಟಲೆ ಬಿಸಿಲಲ್ಲಿ ಬಿದ್ದಿರುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಇಳಿತದ ಹೊತ್ತಿಗೆ, ಸೋಮೇಶ್ವರ ಅಥವಾ ಕಾಪು ಕಡೆಯ ಬಂಡೆಗಳ ನೆರಳಿನ ಸಂದುಗಳಲ್ಲಿ ಹುಡುಕಿ. ಮಳೆಗಾಲದಲ್ಲಿ ಹೊಳೆಗಳ ನೀರು ಸೇರಿ ಉಪ್ಪು ಇಳಿಯುತ್ತದೆ, ಅಲೆಯೂ ಬಿಡುವುದಿಲ್ಲ. ಅನುಮತಿ ಮೊದಲೇ ಪಡೆಯಿರಿ; ಸುಣ್ಣದ ಮುಳ್ಳಿರುವ ಸ್ಪಂಜುಗಳು ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿವೆ. ಹೆಬ್ಬೆರಳಿನಷ್ಟು ಕತ್ತರಿಸಿದರೆ ಸಾಕು, ಬುಡ ಕಲ್ಲಿನಲ್ಲೇ ಇರಲಿ, ಮತ್ತೆ ಚಿಗುರುತ್ತದೆ. ನೀರೊಳಗೇ ಜಿಪ್ ಕವರಿಗೆ ಹಾಕಿ, ಐಸ್ ಪೆಟ್ಟಿಗೆಯಲ್ಲಿ ಇಡಿ. ಕರಗಿದ ಐಸಿನ ಸಿಹಿನೀರು ಒಳಗೆ ಹೋಗಬಾರದು. ಒಂದು ಚೂರು 95% ಆಲ್ಕೋಹಾಲಿನಲ್ಲಿ ಪ್ರತ್ಯೇಕ ಇಡಿ, ಜಾತಿ ಗುರುತಿಸಲು ಬೇಕು. ಪಕ್ಕದ ಸಮುದ್ರದ ನೀರನ್ನೂ ತನ್ನಿ. ಆ ನೀರಿನಲ್ಲೂ ಬೆಳೆಯುವ ಬ್ಯಾಕ್ಟೀರಿಯಾವನ್ನು ಸ್ಪಂಜಿನದ್ದೆಂದು ಹೇಳುವ ಹಾಗಿಲ್ಲ.

ಲ್ಯಾಬಿನಲ್ಲಿ, ಸೋಸಿ ಶುದ್ಧ ಮಾಡಿದ ಸಮುದ್ರದ ನೀರಲ್ಲಿ ಮೂರು ಸಲ ತೊಳೆದು, 1 ಗ್ರಾಂ ಸ್ಪಂಜನ್ನು ಅದೇ ನೀರಿನ 9 ಮಿ.ಲೀ.ನಲ್ಲಿ ಅರೆಯಿರಿ. ಮೆರೈನ್ ಅಗರ್ (ಸಮುದ್ರದ ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಮಾಧ್ಯಮ) ಒಂದನ್ನೇ ನಂಬಿದರೆ ಎರಡೇ ದಿನದಲ್ಲಿ ವಿಬ್ರಿಯೊ, ಬ್ಯಾಸಿಲಸ್‌ನಂಥ ಬೇಗ ಬೆಳೆಯುವ ಬ್ಯಾಕ್ಟೀರಿಯಾಗಳು ಪ್ಲೇಟು ತುಂಬಿಬಿಡುತ್ತವೆ. ನಿಧಾನಕ್ಕೆ ಬೆಳೆಯುವ ಆಕ್ಟಿನೊಮೈಸೀಟ್‌ಗಳು (ಅನೇಕ ಆಂಟಿಬಯೋಟಿಕ್ ಕೊಟ್ಟ ಬ್ಯಾಕ್ಟೀರಿಯಾ ಗುಂಪು) ಬೇಕಿದ್ದರೆ ಅರೆದದ್ದರ ಒಂದು ಪಾಲನ್ನು 55 ಡಿಗ್ರಿಯಲ್ಲಿ 10 ನಿಮಿಷ ಬಿಸಿ ಮಾಡಿ, ಸ್ಟಾರ್ಚ್ ಕೇಸಿನ್ ಅಗರ್‌ಗೆ ಮಿ.ಲೀ.ಗೆ 25 ಮೈಕ್ರೋಗ್ರಾಂ ನಾಲಿಡಿಕ್ಸಿಕ್ ಆಸಿಡ್ (ಬೇರೆ ಬ್ಯಾಕ್ಟೀರಿಯಾ ತಡೆಯುವ ಆಂಟಿಬಯೋಟಿಕ್), 50 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್ (ಬೂಸ್ಟು ತಡೆಯಲು) ಸೇರಿಸಿ ಹಚ್ಚಿ, 28 ಡಿಗ್ರಿಯಲ್ಲಿ ನಾಲ್ಕರಿಂದ ಆರು ವಾರ ಕಾಯಿರಿ. ಪ್ಯಾರಾಫಿಲ್ಮ್ ಸುತ್ತದಿದ್ದರೆ ಅಗರ್ ಒಣಗುತ್ತದೆ, ನಮ್ಮೂರ ತೇವಕ್ಕೆ ಬೂಸ್ಟೂ ಬೇಗ ಹತ್ತುತ್ತದೆ.

ಇಲ್ಲಿಯೇ ಮೊದಲ ಸುಳ್ಳು ಝೋನ್ ಹುಟ್ಟುವುದು. ಆ ಪ್ಲೇಟಿನ ಅಗರ್ ತುಂಡನ್ನೇ ಇ.ಕೋಲಿ ಮೇಲೆ ಇಟ್ಟರೆ ಅದನ್ನು ಕೊಲ್ಲುವುದು ನೀವು ಹಾಕಿದ ನಾಲಿಡಿಕ್ಸಿಕ್ ಆಸಿಡ್. ಆಂಟಿಬಯೋಟಿಕ್ ಇಲ್ಲದ ಮಾಧ್ಯಮದಲ್ಲಿ ಎರಡು ಸಲ ಶುದ್ಧವಾಗಿ ಬೆಳೆಸಿಯೇ ಪರೀಕ್ಷಿಸಿ. ಬ್ಯಾಕ್ಟೀರಿಯಾದ ಸಾರ ಹಾಕಿದ ಕಾಗದದ ಡಿಸ್ಕಿನಲ್ಲಿ ಆರದೆ ಉಳಿದ ಮೆಥನಾಲ್, ಸಾರದಲ್ಲಿ ಸೇರಿಕೊಂಡ ಉಪ್ಪು, ಬ್ಯಾಕ್ಟೀರಿಯಾ ಬಿಟ್ಟ ಹುಳಿ, ಎಲ್ಲವೂ ಝೋನ್ ಕೊಡಬಲ್ಲವು. ಏನೂ ಬೆಳೆಯದ ಮಾಧ್ಯಮವನ್ನು ಅದೇ ರೀತಿ ಈಥೈಲ್ ಅಸಿಟೇಟಿನಲ್ಲಿ ಸಾರ ತೆಗೆದು ಪಕ್ಕದಲ್ಲೇ ಇಡಿ. ಈ ಕಂಟ್ರೋಲ್ ಇಲ್ಲದ ಫೋಟೊಗೆ ನಾನು ಬೆಲೆ ಕೊಡುವುದಿಲ್ಲ. ಕೆಲವು ಸಮುದ್ರ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತವೆ. ಅದನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಸೇರಿಸಿದಾಗ ಝೋನ್ ಮಾಯವಾದರೆ ಕಾರಣ ಪೆರಾಕ್ಸೈಡೇ. ಬ್ಯಾಸಿಲಸ್ ಆಗಿದ್ದರೆ ಸರ್ಫ್ಯಾಕ್ಟಿನ್ ಅನುಮಾನ ಇರಲಿ, ಅದು ಸೋಪಿನಂತೆ ರಕ್ತಕಣವನ್ನೂ ಒಡೆಯುತ್ತದೆ. ಕುರಿರಕ್ತದ ಮೇಲೆ ನೋಡಿ.

ಝೋನ್ ದೊಡ್ಡದಿದ್ದಷ್ಟೂ ಶಕ್ತಿ ಜಾಸ್ತಿ ಎಂಬುದೂ ತಪ್ಪು. ದೊಡ್ಡ ಅಣು ಅಗರ್‌ನಲ್ಲಿ ಹರಡುವುದೇ ಕಮ್ಮಿ. ಎಂ.ಐ.ಸಿ., ಅಂದರೆ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ, ಅಳೆಯಿರಿ. ಆಮೇಲೆ ಎಲ್‌ಸಿ-ಎಂಎಸ್ (ಅಣುಗಳನ್ನು ಬೇರ್ಪಡಿಸಿ ತೂಕ ಅಳೆಯುವ ಪರೀಕ್ಷೆ) ಮಾಡಿಸಿ, ತೂಕವನ್ನು ತಿಳಿದ ಅಣುಗಳ ಪಟ್ಟಿಯ ಜೊತೆ ಹೋಲಿಸಿ. ಆಕ್ಟಿನೊಮೈಸೀಟ್ ಗುಂಪಿನ ಸ್ಟ್ರೆಪ್ಟೊಮೈಸಿಸ್‌ನಲ್ಲಿ ಆಗಲೇ ತಿಳಿದಿರುವ ಆಕ್ಟಿನೊಮೈಸಿನ್ ಎಂಬ ಅಣುವೇ ಮತ್ತೆ ಸಿಗುವುದುಂಟು. ಶುದ್ಧೀಕರಣಕ್ಕೆ ಆರು ತಿಂಗಳು ಸವೆಸುವ ಮೊದಲೇ ಇದು ಗೊತ್ತಾಗಬೇಕು. ಹಣ ಕೊಡುವವರು ಪ್ಲೇಟಿನ ಫೋಟೊಗಿಂತ ಈ ಹಂತಕ್ಕೆ ಕೊಡಲಿ.

ಇನ್ನೊಂದು, ಶುದ್ಧ ಕಾಲೊನಿ ಸಿಕ್ಕ ದಿನವೇ 20% ಗ್ಲಿಸರಾಲ್‌ನಲ್ಲಿ ಐದು ವಯಲ್ ಮಾಡಿ ಮೈನಸ್ 80ಕ್ಕೆ ಹಾಕಿ. ಹತ್ತಾರು ಸಲ ಬದಲಾಯಿಸಿ ಬೆಳೆಸಿದ ಬ್ಯಾಕ್ಟೀರಿಯಾ ಆ ಅಣುವನ್ನು ಮಾಡುವುದನ್ನೇ ಬಿಟ್ಟುಬಿಡಬಹುದು. ವಿದ್ಯಾರ್ಥಿ ಪಾಸಾಗಿ ಹೋದ ಮೇಲೂ ವಯಲ್ ಇದ್ದರೆ ಮುಂದಿನವರು ಅಲ್ಲಿಂದಲೇ ಹಿಡಿಯಬಹುದು. ಸಂಗ್ರಹಿಸಿದ ಜಾಗ, ತಾರೀಕು, ಸ್ಪಂಜಿನ ಫೋಟೊ ನಂಬರು, ಮೂರನ್ನೂ ವಯಲಿನ ಮೇಲೆ ಬರೆಯಿರಿ, ಆಲ್ಕೋಹಾಲ್ ತಾಗಿದರೆ ಅಳಿಸದ ಪೆನ್ನಿನಿಂದ.