ಮಾಟಕ್ಕೆ ಮದ್ದು, ಮೂರು ಅಂಕದ ಪ್ರಶ್ನೆ

ಹ್ಯಾರಿ ಪಾಟರ್ ಓದಿದರೆ ಮಕ್ಕಳು ಮಾಟಮಂತ್ರ ಕಲಿತುಬಿಡುತ್ತಾರೆ ಎಂಬ ಭಯ ಅಮೆರಿಕದಲ್ಲಿ ಇನ್ನೂ ಹೋಗಿಲ್ಲ. 2002ರಲ್ಲಿ ಆರ್ಕನ್ಸಾ ರಾಜ್ಯದ ಸೀಡರ್‌ವಿಲ್‌ನಲ್ಲಿ ಈ ಪುಸ್ತಕ ಶಾಲೆಯ ಲೈಬ್ರರಿಯಲ್ಲಿ ಇರಬೇಕೋ ಬೇಡವೋ ಅಂತ ಸಮಿತಿ ಕೂತಿತು. ಹದಿನೈದು ಜನ. ಹದಿನೈದೂ ಜನ ಇರಲಿ ಅಂದರು. ಆಮೇಲೆ ಶಾಲಾ ಮಂಡಳಿ ಕೂತು, 3-2 ಮತದಲ್ಲಿ ಅದನ್ನು ತಳ್ಳಿಹಾಕಿತು. ಮೂವರು ಕೈ ಎತ್ತಿದ್ದೇ ತಡ, ಹದಿನೈದು ಜನ ಮಾಯ. ಮಂತ್ರ ಅಂದರೆ ಇದೇ ಅಲ್ವಾ? ಅಪ್ಪ-ಅಮ್ಮನ ಸಹಿ ತಂದವರಿಗಷ್ಟೇ ಪುಸ್ತಕ ಎಂದಾಯಿತು. ಮರುವರ್ಷ ಕೋರ್ಟು ಹೇಳಿದ ಮೇಲೆ ಪುಸ್ತಕ ಕಪಾಟಿಗೆ ವಾಪಸ್ ಬಂತು.

2019ರಲ್ಲಿ ನ್ಯಾಶ್‌ವಿಲ್‌ನ ಒಂದು ಕ್ಯಾಥೊಲಿಕ್ ಶಾಲೆಯ ಪಾದ್ರಿ ಇನ್ನೂ ಮುಂದೆ ಹೋದರು. ಪುಸ್ತಕದ ಮಂತ್ರಗಳು ಅಸಲಿ, ಓದಿದರೆ ದುಷ್ಟಶಕ್ತಿ ಎದ್ದು ಬರಬಹುದು ಎಂದು ಬರೆದು ಏಳೂ ಭಾಗಗಳನ್ನು ಎತ್ತಿಸಿದರು. ಅದಕ್ಕೂ ಮೊದಲು ಅಮೆರಿಕದಲ್ಲೂ ರೋಮ್‌ನಲ್ಲೂ ದೆವ್ವ ಬಿಡಿಸುವವರನ್ನು ವಿಚಾರಿಸಿದ್ದರಂತೆ. ಮಕ್ಕಳು ಕಥೆ ಅಂತ ಓದುತ್ತಿದ್ದರು. ಪೂರ್ತಿ ನಂಬಿದವರು ಪಾದ್ರಿಗಳೇ.

ನಾವೂ ಬೇತಾಳನ ಕಥೆ ಓದಿ ಬೆಳೆದವರು. ಯಾರ ಮನೆ ಹುಡುಗನೂ ಮರ ಹತ್ತಿ ಹೆಣ ಇಳಿಸಿ ಹೆಗಲ ಮೇಲೆ ಹಾಕಿಕೊಂಡು ಬಂದದ್ದು ನೆನಪಿಲ್ಲ.

ಇಷ್ಟಕ್ಕೂ ನಿಷೇಧದ ರಗಳೆ ಯಾಕೆ? ನಮ್ಮನ್ನು ಒಂದು ಮಾತು ಕೇಳಬಾರದಿತ್ತಾ? ಸುಮ್ನೆ ಪಠ್ಯಕ್ಕೆ ಹಾಕಿ ಅಂತ ಹೇಳಿಬಿಡುತ್ತಿದ್ದೆವು. ‘ಹ್ಯಾರಿಯ ಮಂತ್ರದಂಡ ____ ಇಂಚು ಉದ್ದವಿದೆ.’ ಬಿಟ್ಟ ಸ್ಥಳ ತುಂಬಿ, ಒಂದು ಅಂಕ. ಹನ್ನೊಂದು ಅಂತ ಅಕ್ಷರದಲ್ಲಿ ಬರೆದವನಿಗೆ ಅರ್ಧ, ಕೀ ಉತ್ತರದಲ್ಲಿ ಅಂಕಿ ಇದೆಯಲ್ಲ! ಆಮೇಲೆ ಗೋಡೆಯೊಳಗೆ ನುಗ್ಗಿ 9¾ನೇ ಪ್ಲಾಟ್‌ಫಾರ್ಮ್ ಸೇರುವ ಪ್ರಸಂಗ. ಸಂದರ್ಭದೊಂದಿಗೆ ವಿವರಿಸಿ, ಮೂರು ಅಂಕ. ಆಯ್ಕೆ, ಸಂದರ್ಭ, ಸ್ವಾರಸ್ಯ, ತಲಾ ಒಂದು. ‘ಸ್ವಾರಸ್ಯ: ಗೋಡೆಯ ವರ್ಣನೆಯು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.’ ಗೈಡ್‌ನಲ್ಲಿ ಹೀಗೇ ಇರುತ್ತದೆ, ನಲವತ್ತು ಮಕ್ಕಳೂ ಹೀಗೇ ಬರೆಯುತ್ತಾರೆ. ಈ ಒಂದು ಸಾಲು ಉರು ಹೊಡೆದ ಮೇಲೆ ಯಾವ ದುಷ್ಟಶಕ್ತಿ ಉಳಿದೀತು?

ಈ ಉಪಾಯ ನನ್ನ ಸ್ವಂತದ್ದೇನಲ್ಲ, ಆ ಕಥೆಯಲ್ಲೇ ಇದೆ. ಹ್ಯಾರಿ ಓದುವ ಮಾಯಾಶಾಲೆ ಹಾಗ್ವಾರ್ಟ್ಸ್‌ನಲ್ಲಿ ಮಾಯಾವಿದ್ಯೆಯ ಇತಿಹಾಸ ಹೇಳುವ ಪ್ರೊಫೆಸರ್ ಬಿನ್ಸ್ ಒಂದು ದೆವ್ವ. ಸ್ಟಾಫ್ ರೂಮಿನಲ್ಲಿ ಬೆಂಕಿ ಕಾಯಿಸುತ್ತಾ ನಿದ್ದೆ ಹೋದ ಮೇಷ್ಟ್ರು ಮಾರನೇ ಬೆಳಗ್ಗೆ ಎದ್ದು, ದೇಹ ಅಲ್ಲೇ ಬಿಟ್ಟು, ಕ್ಲಾಸಿಗೆ ಬಂದರು. ಪೋರ್ಷನ್ ಮುಗಿಸಬೇಕಲ್ಲ. ಸಾಕ್ಷಾತ್ ದೆವ್ವ ಎದುರು ನಿಂತು ಪಾಠ ಮಾಡುತ್ತಿದ್ದರೂ ಒಬ್ಬ ಹುಡುಗನೂ ಹೆದರುವುದಿಲ್ಲ. ಎಲ್ಲರೂ ತೂಕಡಿಸುತ್ತಾರೆ. ನೋಟ್ಸ್ ಬರೆದುಕೊಳ್ಳುವವಳು ಹ್ಯಾರಿಯ ಗೆಳತಿ ಹರ್ಮಯೋನಿ ಒಬ್ಬಳೇ. ಪರೀಕ್ಷೆ ಹತ್ತಿರ ಬಂದಾಗ ಹ್ಯಾರಿ, ಅವನ ಗೆಳೆಯ ರಾನ್ ಇಬ್ಬರೂ ಅದನ್ನೇ ಕೈಯಲ್ಲಿ ನಕಲು ಮಾಡುತ್ತಾರೆ. ಪಾಪ, ಅಷ್ಟು ದೊಡ್ಡ ಮಾಯಾಶಾಲೆ, ಪಕ್ಕದಲ್ಲಿ ಒಂದು ಜೆರಾಕ್ಸ್ ಅಂಗಡಿ ಇಲ್ಲ.