ಅಡಿಕೆ ತೋಟದವರಿಗೆ ಲೀವ್ ಲೆಟರ್ ಕೊಡೋದು ಯಾರು?

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಬರೆಯದೆ ಹೋದರೆ ಮನೆಯವರ ಮೇಲೆ ರೇಗುತ್ತೇನೆ, ಅದಕ್ಕೆ ಇಲ್ಲಿ.

ಸಾಗರದ ಚಿಕ್ಕಪ್ಪ ನಿಮಗೆಲ್ಲ ಗೊತ್ತಲ್ಲ, ನನಗೆ ಅಪ್ಪೆಮಿಡಿ ಕಳಿಸುವವರು. ಅವರಿಗೂ ಚಿಕ್ಕಮ್ಮನಿಗೂ ಯೂರೋಪ್ ನೋಡುವ ಆಸೆ. ಷೆಂಗೆನ್ ವೀಸಾಕ್ಕೆ (ಒಂದರಲ್ಲೇ ಯೂರೋಪಿನ ಹಲವು ದೇಶ ನೋಡಬಹುದಾದ ವೀಸಾ) ಕಾಗದ ಕೊಡಲು ಇವತ್ತು ವೀಸಾ ಅರ್ಜಿ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. 30,000 ಯೂರೋ ವಿಮೆ, ಪಾಸ್‌ಪೋರ್ಟಿನಲ್ಲಿ ಎರಡು ಖಾಲಿ ಪುಟ, ಹೋಟೆಲ್ ಬುಕಿಂಗ್, ಎಲ್ಲ ಸರಿಯಿತ್ತು. ಕೌಂಟರಿನ ಹುಡುಗಿ ಕೇಳಿದಳು: "ಸ್ಯಾಲರಿ ಸ್ಲಿಪ್? ಐಟಿ ರಿಟರ್ನ್? ಲೀವ್ ಲೆಟರ್?"

ಚಿಕ್ಕಪ್ಪ ನನ್ನ ಮುಖ ನೋಡಿದರು. ಐವತ್ತು ವರ್ಷದಿಂದ ತೋಟ ಮಾಡಿದ ಮನುಷ್ಯನಿಗೆ ರಜೆ ಕೊಡೋದು ಯಾರು? ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆ ರೋಗವೇ? ಕೃಷಿ ಆದಾಯಕ್ಕೆ ನಮ್ಮಲ್ಲಿ ತೆರಿಗೆಯೇ ಇಲ್ಲ, ರಿಟರ್ನ್ ಎಲ್ಲಿಂದ ತರೋದು? ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ಇನ್ನೂ ಕಷ್ಟ. ಅಡಿಕೆ ಮಾರಿದಾಗ ದುಡ್ಡು ಒಂದೇ ಸಲ ಬೀಳುತ್ತದೆ, ಉಳಿದ ತಿಂಗಳು ಬರೀ ಖರ್ಚು. ಸಂಬಳದ ಲೆಕ್ಕ ನೋಡಿ ಅಭ್ಯಾಸವಾದ ಕಣ್ಣಿಗೆ ಅದು ವೀಸಾಕ್ಕೆಂದೇ ಯಾರದೋ ಹತ್ತಿರ ಸಾಲ ತಂದು ಹಾಕಿದ ಹಾಗೆ ಕಾಣುತ್ತದೆ. ಪಹಣಿ ಇದೆ ಅಂದೆ. ಅದು ಕನ್ನಡದಲ್ಲಿದೆ ಅಂದಳು.

ಹುಡುಗಿಯ ಮೇಲೆ ಸಿಟ್ಟಿಲ್ಲ ಮಾರಾಯ್ರೆ. ಅವಳು ಕಾಗದ ಜೋಡಿಸಿ ಕಳಿಸುವವಳು, ತೀರ್ಮಾನ ಕಾನ್ಸುಲೇಟಿನದು. ಸಿಟ್ಟು ಬರೋದು ಆ ಪಟ್ಟಿ ಮಾಡಿದವರ ಮೇಲೆ. ವಾಪಸ್ ಬರುತ್ತಾರೋ ಇಲ್ಲವೋ ಅನ್ನೋದು ಅವರ ದೊಡ್ಡ ಅನುಮಾನ. ಆ ಕಾರಣಕ್ಕೇ ಅರ್ಜಿ ತಿರಸ್ಕರಿಸಬಹುದು. 2024ರ ಜೂನ್‌ನಲ್ಲಿ 80ರಿಂದ 90 ಯೂರೋಗೆ ಏರಿಸಿದ ಶುಲ್ಕವಂತೂ ವೀಸಾ ಸಿಗದಿದ್ದರೂ ವಾಪಸ್ ಬರೋದಿಲ್ಲ.

ನಿಜ ಹೇಳಲಾ? ಹೋದವರು ಅಲ್ಲೇ ಉಳಿದುಬಿಡೋಣ ಅಂತ ಯೋಚಿಸಿದ್ದು ನಾನು. ಇಎಂಐ, ಟ್ರಾಫಿಕ್ಕು, ಮ್ಯಾನೇಜರ್ ಎಲ್ಲ ಬಿಟ್ಟು. ನನಗೆ ವೀಸಾ ಸಲೀಸಾಗಿ ಸಿಕ್ಕಿತ್ತು, ಸ್ಯಾಲರಿ ಸ್ಲಿಪ್ ಇತ್ತಲ್ಲ! ಚಿಕ್ಕಪ್ಪ ಮಳೆಗಾಲಕ್ಕೆ ಮೊದಲು ಗೊನೆಗೆ ಮದ್ದು ಹೊಡೆಸಬೇಕು ಅಂತ ಟಿಕೆಟ್ಟಿನ ದಿನಾಂಕವನ್ನೇ ಎರಡು ಸಲ ಬದಲಾಯಿಸಿದವರು. ಅವರ ಮೇಲೆ ಅನುಮಾನ!

"ಜನ ಹೋಗಿ ಅಲ್ಲೇ ಸೇರಿಕೊಳ್ತಾರೆ, ಅವರು ಎಚ್ಚರವಾಗಿರೋದು ತಪ್ಪಾ?" ಅಂತ ಕೇಳುವವರಿದ್ದೀರಿ. ತಪ್ಪಲ್ಲ, ಸ್ವಾಮಿ. ಆದರೆ ಕಳ್ಳತನದಲ್ಲಿ ಉಳಿಯುವ ಯೋಚನೆ ಇದ್ದವನು ಲೀವ್ ಲೆಟರ್ ಹೊಂದಿಸಿಕೊಂಡೇ ಬರುತ್ತಾನೆ, ಸಿಕ್ಕಿಬೀಳೋದು ಚಿಕ್ಕಪ್ಪನಂಥವರು. ಅಲ್ಲಿಯವರು ಜೋಗ ನೋಡಲು ಬರಬೇಕಾದರೆ ಸೋಫಾದಲ್ಲಿ ಕೂತು ಫೋಟೋ, ಪಾಸ್‌ಪೋರ್ಟ್ ಪುಟ ಅಪ್‌ಲೋಡ್ ಮಾಡಿ ಇ-ವೀಸಾ ತಗೊಳ್ತಾರೆ. ನಾವು ಅವರ ಸ್ಯಾಲರಿ ಸ್ಲಿಪ್ ಕೇಳ್ತೀವಾ?

ಸದ್ಯಕ್ಕೆ ಪಹಣಿಗೆ ಇಂಗ್ಲಿಷ್ ಅನುವಾದ, ಅಡಿಕೆ ಮಾರಿದ ಬಿಲ್ಲುಗಳು, ಜೊತೆಗೆ ಒಂದು ಕವರಿಂಗ್ ಲೆಟರ್ ರೆಡಿ ಮಾಡ್ತಿದ್ದೀನಿ. ತೋಟದವರು ಯಾರಾದರೂ ಹೋಗಿಬಂದಿದ್ದರೆ ಏನೇನು ಕೊಟ್ಟಿರಿ ಹೇಳಿ. ಏಜೆಂಟರ ನಂಬರ್ ಮಾತ್ರ ದಯವಿಟ್ಟು ಕಳಿಸಬೇಡಿ.