ಎರಡೂ ನಿಂತಿರುವುದು ಒಂದೇ ಹಿಮದ ಮೇಲೆ

ತಾಪಮಾನ ಏರಿಕೆಯಿಂದ ಬೆಟ್ಟದ ಪ್ರದೇಶಗಳಲ್ಲಿ ಕೃಷಿಗೆ ಆಗುತ್ತಿರುವ ನಷ್ಟವನ್ನು ಪ್ರವಾಸೋದ್ಯಮವು ತುಂಬಿಕೊಡಬಲ್ಲದು ಎಂದು ಲೇಖನವೊಂದು ವಾದಿಸುತ್ತದೆ. ಆ ವಾದವನ್ನು ಒಪ್ಪುವುದು ಕಷ್ಟ, ಏಕೆಂದರೆ ಕೃಷಿ, ಪ್ರವಾಸೋದ್ಯಮ ಎರಡೂ ಆಶ್ರಯಿಸಿರುವುದು ಅದೇ ಚಳಿಯನ್ನು, ಅದೇ ಹಿಮವನ್ನು. ಸೇಬಿನ ಹಳೆಯ ತಳಿಗಳು ಸರಿಯಾಗಿ ಹೂಬಿಡಬೇಕಾದರೆ ಚಳಿಗಾಲದಲ್ಲಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶ ಸಾವಿರದಷ್ಟು ಗಂಟೆಗಳ ಕಾಲ ಇರಬೇಕು. ಅಷ್ಟು ಚಳಿ ದೊರೆಯದೆ ಹಿಮಾಚಲ ಪ್ರದೇಶದ ತಗ್ಗಿನ ಕಣಿವೆಗಳಲ್ಲಿ ಸೇಬು ಹಿಂದೆ ಸರಿದು ದಾಳಿಂಬೆ, ತರಕಾರಿಗಳು ಬಂದಿವೆ, ಸೇಬಿನ ತೋಟಗಳು ಕಿನ್ನೌರ್, ಲಾಹೌಲ್‌ಗಳ ಎತ್ತರಕ್ಕೆ ಏರಿವೆ. ಇದನ್ನು ಹೊಂದಾಣಿಕೆ ಎಂದು ಮೆಚ್ಚುವವರು, ಮೇಲೇರಿದಷ್ಟೂ ಉಳುಮೆಗೆ ಸಿಗುವ ನೆಲ ಕಿರಿದಾಗುತ್ತದೆ ಎಂಬುದನ್ನು ಗಮನಿಸಿದಂತಿಲ್ಲ. ಪ್ರವಾಸೋದ್ಯಮದ ಪಾಡೂ ಬೇರೆಯಲ್ಲ. ಬೊಲಿವಿಯಾದಲ್ಲಿ 5,000 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದ್ದ ಚಕಲ್ತಾಯ ಹಿಮನದಿ 2009ರ ವೇಳೆಗೆ ಪೂರ್ತಿಯಾಗಿ ಕರಗಿಹೋಯಿತು; ಅದನ್ನೇ ನಂಬಿದ್ದ ಸ್ಕೀ (ಹಿಮದ ಮೇಲೆ ಜಾರುವ ಆಟ) ತಾಣವೂ ಅದರೊಂದಿಗೆ ಮುಗಿಯಿತು. ಆಲ್ಪ್ಸ್ ಪರ್ವತಗಳಲ್ಲಿ ಯಂತ್ರಗಳಿಂದ ಕೃತಕ ಹಿಮ ಸುರಿಸುತ್ತಾರೆ, ನಿಜ. ಆದರೆ ಅದಕ್ಕೆ ಹೇರಳ ನೀರು, ವಿದ್ಯುತ್ತು, ಜೊತೆಗೆ (ವಿಪರ್ಯಾಸವೆಂದರೆ) ಸಾಕಷ್ಟು ಚಳಿಯೂ ಬೇಕು. ಲಡಾಖ್‌ನಲ್ಲಿ ಚಳಿಗಾಲದ ನೀರನ್ನು ಹಿಮಸ್ತೂಪವಾಗಿ (ಸ್ತೂಪದ ಆಕಾರದ ಹಿಮದ ಗುಡ್ಡೆಯಾಗಿ) ಹೆಪ್ಪುಗಟ್ಟಿಸಿ, ವಸಂತದಲ್ಲಿ ಅದು ಕರಗಿ ಹೊಲಕ್ಕೆ ಹರಿಯುವಂತೆ ಮಾಡುತ್ತಿರುವಾಗಲೇ, ಲೇಹ್ ಪಟ್ಟಣದ ಹೋಟೆಲುಗಳು ಪ್ರವಾಸಿಗರಿಗಾಗಿ ಕೊಳವೆಬಾವಿಗಳಿಂದ ಅಂತರ್ಜಲವನ್ನು ಎತ್ತುತ್ತಿವೆ. ನೀರಿಗಾಗಿ ಕೃಷಿಗೂ ಪ್ರವಾಸೋದ್ಯಮಕ್ಕೂ ನಡೆದಿರುವ ಈ ಪೈಪೋಟಿಯ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ.